ಸಿಲಿಂಡರ್ ಪವರ್ ಇದ್ದವರಿಗೆ ಯಾವ ಲೆನ್ಸ್? ಅಕ್ಯುವ್ಯೂ ಓಯಸಿಸ್, ಬಯೋಫಿನಿಟಿ ಟೋರಿಕ್

ಚೀಟಿಯಲ್ಲಿ ಸಿಲಿಂಡರ್ (ಕಣ್ಣಿನ ಕಮಾನು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದ ದೋಷಕ್ಕೆ ಕೊಡುವ ಪವರ್) 0.50 ಮಾತ್ರ ಇದ್ದರೆ ಬಹುತೇಕರಿಗೆ ಮಾಮೂಲಿ ಲೆನ್ಸೇ ಸಾಕು. 0.75 ಮುಟ್ಟಿದರೆ ಟೋರಿಕ್, ಅಂದರೆ ಆ ದೋಷವನ್ನೂ ಸರಿಪಡಿಸುವ ಲೆನ್ಸ್, ಕೇಳಿ. ಮಲ್ಲೇಶ್ವರದಲ್ಲಾಗಲಿ ಜಯನಗರದಲ್ಲಾಗಲಿ, ಕನ್ನಡಕದ ಚೀಟಿಯನ್ನೇ ನೋಡಿ ನೇರವಾಗಿ ಲೆನ್ಸ್ ಆರ್ಡರ್ ಹಾಕುವ ಅಂಗಡಿಯಾದರೆ ಎದ್ದು ಬನ್ನಿ. ಕನ್ನಡಕ ಕಣ್ಣಿನಿಂದ ಸುಮಾರು 12 ಮಿ.ಮೀ. ದೂರದಲ್ಲಿರುತ್ತದೆ, ಲೆನ್ಸ್ ಕಣ್ಣಿಗೇ ಅಂಟಿರುತ್ತದೆ. ಹಾಗಾಗಿ ಪವರ್ 4 ದಾಟಿದ ಮೇಲೆ ಲೆಕ್ಕ ಬದಲಾಗುತ್ತದೆ: ಕನ್ನಡಕದ ಮೈನಸ್ 5.00, ಸಿಲಿಂಡರ್ 1.50 ಇದ್ದದ್ದು ಲೆನ್ಸಿನಲ್ಲಿ ಮೈನಸ್ 4.75, ಸಿಲಿಂಡರ್ 1.25 ಆಗುತ್ತದೆ.

ಅಕ್ಯುವ್ಯೂ ಓಯಸಿಸ್‌ನ ಟೋರಿಕ್, ಬಯೋಫಿನಿಟಿ ಟೋರಿಕ್ ಎರಡೂ ಸಿಲಿಕೋನ್ ಹೈಡ್ರೋಜೆಲ್, ಅಂದರೆ ಆಮ್ಲಜನಕವನ್ನು ಚೆನ್ನಾಗಿ ಒಳಬಿಡುವ ಮೆತ್ತನೆಯ ಲೆನ್ಸ್. ಎರಡರಲ್ಲೂ ಸಿಲಿಂಡರ್ 0.75, 1.25, 1.75, 2.25 ಎಂಬ ಮೆಟ್ಟಿಲುಗಳಲ್ಲಿ ಬರುತ್ತದೆ, ಆಕ್ಸಿಸ್ (ಸಿಲಿಂಡರ್ ಕೂರಬೇಕಾದ ಕೋನ) 10 ಡಿಗ್ರಿಗೊಂದು. 2.25ಕ್ಕಿಂತ ಹೆಚ್ಚು ಬೇಕಾದವರಿಗೆ ಬಯೋಫಿನಿಟಿಯ ಎಕ್ಸ್‌ಆರ್ ಸರಣಿ ಇದೆ. ಆರ್ಡರ್ ಕೊಟ್ಟು ತರಿಸಬೇಕು, ಕಾಯಬೇಕು.

ವ್ಯತ್ಯಾಸ ಇರುವುದು ಲೆನ್ಸ್ ತಿರುಗದಂತೆ ನಿಲ್ಲಿಸುವ ರೀತಿಯಲ್ಲಿ. ಬಯೋಫಿನಿಟಿಗೆ ಕೆಳಭಾಗ ದಪ್ಪ. ಕೆಲವರಿಗೆ ಕೆಳರೆಪ್ಪೆಯಲ್ಲಿ ಅದರ ಅಂಚು ತಾಗುತ್ತದೆ. ಓಯಸಿಸ್‌ನಲ್ಲಿ ರೆಪ್ಪೆ ಮಿಟುಕಿಸುವುದೇ ಲೆನ್ಸನ್ನು ಸರಿಯಾದ ಜಾಗಕ್ಕೆ ತಳ್ಳುತ್ತದೆ. ಮಗ್ಗುಲಾಗಿ ಮಲಗಿ ಮೊಬೈಲ್ ನೋಡುವವರಿಗೆ ನಮ್ಮ ಓಟು ಓಯಸಿಸ್‌ಗೆ. ಆದರೆ ಅದು ಎರಡು ವಾರದ ಲೆನ್ಸ್, ಬಯೋಫಿನಿಟಿ ತಿಂಗಳದ್ದು. ಈ ಲೆಕ್ಕ ಶುರುವಾಗುವುದು ಪ್ಯಾಕ್ ಒಡೆದ ದಿನದಿಂದ, ಹಾಕಿಕೊಂಡ ದಿನಗಳಿಂದಲ್ಲ. ಎರಡು ವಾರದ್ದನ್ನು ಒಂದೂವರೆ ತಿಂಗಳು ಎಳೆದು ಆಮೇಲೆ ಕಂಪನಿಯನ್ನು ಬೈಯುವವರಿಗೆ ಹೇಳುವುದೇನೂ ಇಲ್ಲ.

ಟ್ರಯಲ್ ಲೆನ್ಸ್ ಹಾಕದೆ ದುಡ್ಡು ಕೊಡಬೇಡಿ. ಹಾಕಿ 10-15 ನಿಮಿಷ ಬಿಟ್ಟು ಸ್ಲಿಟ್ ಲ್ಯಾಂಪ್‌ನಲ್ಲಿ (ಕಣ್ಣು ಪರೀಕ್ಷಿಸುವ ಸೂಕ್ಷ್ಮದರ್ಶಕ) ನೋಡಿದರೆ ಲೆನ್ಸಿನ ಮೇಲೆ ಗಡಿಯಾರದ 6ರ ಜಾಗದಲ್ಲಿ ಸಣ್ಣ ಗೆರೆ ಕಾಣುತ್ತದೆ. ಕಣ್ಣು ಮಿಟುಕಿಸಿದಾಗ ಅದು ಕೊಂಚ ಅಲ್ಲಾಡಿ ಮತ್ತೆ ಅಲ್ಲಿಗೇ ಬರಬೇಕು. ಪರೀಕ್ಷಿಸುವವರ ಎಡಕ್ಕೆ 10 ಡಿಗ್ರಿ ಹೊರಳಿ ಅಲ್ಲೇ ನಿಂತರೆ ಆಕ್ಸಿಸ್‌ಗೆ 10 ಕೂಡಿಸಬೇಕು, ಬಲಕ್ಕಾದರೆ ಕಳೆಯಬೇಕು. 90 ಬೇಕಿದ್ದವರಿಗೆ 100 ಅಥವಾ 80 ತರಿಸುವುದು ಹೀಗೆ. ಇದನ್ನು ಬಿಟ್ಟರೆ ಆ 10 ಡಿಗ್ರಿಯಲ್ಲೇ ಸಿಲಿಂಡರಿನ ಮೂರನೇ ಒಂದು ಭಾಗದಷ್ಟು ದೋಷ ಉಳಿದುಬಿಡುತ್ತದೆ. ರಾತ್ರಿ ಹೊರವರ್ತುಲ ರಸ್ತೆಯಲ್ಲಿ ಎದುರಿನ ಹೆಡ್‌ಲೈಟ್‌ಗಳಿಗೆ ಬಾಲ ಬರುವುದು ಇದರಿಂದಲೇ. ಗೆರೆ ಒಂದು ಕಡೆ ನಿಲ್ಲದೆ ಓಡಾಡುತ್ತಿದ್ದರೆ ಕೂಡಿ ಕಳೆದು ಪ್ರಯೋಜನವಿಲ್ಲ, ಲೆನ್ಸನ್ನೇ ಬದಲಿಸಿ.

ಎಸಿ ಆಫೀಸಿನಲ್ಲಿ ದಿನವಿಡೀ ಸ್ಕ್ರೀನ್ ನೋಡುವಾಗ ಮಿಟುಕಿಸುವುದು ಕಡಿಮೆಯಾಗಿ, ಒಣಗಿದ ಲೆನ್ಸ್ ಸಂಜೆಗೆ ಮಂಜಾಗುತ್ತದೆ. ಲೆನ್ಸ್ ಹಾಕಿಕೊಂಡೇ ಬಿಡಬಹುದಾದ, ಪ್ರಿಸರ್ವೇಟಿವ್ ಇಲ್ಲದ ಡ್ರಾಪ್ಸ್ ಇಟ್ಟುಕೊಳ್ಳಿ. ಡಬ್ಬಿಯನ್ನು ಬೋರ್‌ವೆಲ್ ನೀರಿನಲ್ಲಾಗಲಿ ಕಾವೇರಿ ನೀರಿನಲ್ಲಾಗಲಿ ತೊಳೆಯಬೇಡಿ. ಕಣ್ಣಿಗೆ ಸೋಂಕು ತರುವ ಅಕಾಂತಮೀಬಾ ಎಂಬ ಸೂಕ್ಷ್ಮಜೀವಿ ಬರುವುದು ನಲ್ಲಿನೀರಿನಿಂದಲೂ ಹೌದು. ಸಲ್ಯೂಷನ್ ದಿನಾ ಚೆಲ್ಲಿ ಹೊಸದು ಹಾಕಿ.

ಸಿಲಿಂಡರ್ ಪದೇಪದೇ ಏರುತ್ತಿದ್ದು, ಕಣ್ಣುಜ್ಜುವ ಅಭ್ಯಾಸವೂ ಇದ್ದರೆ ಲೆನ್ಸಿಗೆ ಮೊದಲು ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಟೋಪೋಗ್ರಫಿ, ಅಂದರೆ ಅದರ ಆಕಾರದ ನಕ್ಷೆ, ಮಾಡಿಸಿ. ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ಕಾಯಿಲೆ) ಮುಂದುವರಿದಿದ್ದರೆ ಈ ಎರಡರಿಂದಲೂ ದೃಷ್ಟಿ ಸ್ಪಷ್ಟವಾಗುವುದಿಲ್ಲ. ಗಟ್ಟಿ ಆರ್‌ಜಿಪಿ (ಗಾಳಿಯಾಡುವ ಗಡಸು ಲೆನ್ಸ್) ಅಥವಾ ಕಣ್ಣಿನ ಬಿಳಿಭಾಗದ ಮೇಲೆ ಕೂರುವ ಸ್ಕ್ಲೀರಲ್ ಲೆನ್ಸೇ ಬೇಕಾಗುತ್ತದೆ.