ರೋಟರಿಯೋ ಲಯನ್ಸೋ: ಸೇರುವ ಮುನ್ನ

ರೋಟರಿ, ಲಯನ್ಸ್ ಎಂಬ ಎರಡು ಸೇವಾ ಸಂಸ್ಥೆಗಳಲ್ಲಿ ಯಾವುದರ ಕ್ಲಬ್ ಸೇರಲಿ ಎಂದು ಕೇಳುವವರಿಗೆ ನನ್ನ ಮೊದಲ ಪ್ರಶ್ನೆ: ವಾರಕ್ಕೊಂದು ಸಂಜೆ ಬಿಡುವು ಮಾಡಿಕೊಳ್ಳಬಲ್ಲಿರಾ? ರೋಟರಿಯ ರೂಢಿ ವಾರದ ಸಭೆ. 2016ರಲ್ಲಿ ನಿಯಮ ಸಡಿಲವಾಗಿ ತಿಂಗಳಿಗೆ ಎರಡು ಸಾಕು ಎಂದಾಗಿದ್ದರೂ ಹಲವು ಕ್ಲಬ್‌ಗಳು ಹಳೆಯ ಪದ್ಧತಿ ಬಿಟ್ಟಿಲ್ಲ. ಲಯನ್ಸ್‌ನಲ್ಲಿ ಸಾಮಾನ್ಯವಾಗಿ ತಿಂಗಳಿಗೆ ಒಂದೆರಡು. ಬೆಂಗಳೂರಿನ ಸಿಲ್ಕ್ ಬೋರ್ಡ್ ವೃತ್ತದ ವಾಹನ ದಟ್ಟಣೆ ದಾಟಿ ಬರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಆದರೆ ವಾರವಾರದ ಭೇಟಿಯಿಂದ ಬೆಳೆಯುವ ಸಲುಗೆಯೇ ಬೇರೆ. ಗಂಟೆ ಬಾರಿಸಿ ಸಭೆ ಶುರು, ಅತಿಥಿಯ ಭಾಷಣ, ಆಮೇಲೆ ಊಟದ ತಟ್ಟೆ ಹಿಡಿದು ನಿಂತಲ್ಲೇ ಯಾವ ಸರ್ಕಾರಿ ಶಾಲೆಗೆ ಶೌಚಾಲಯ ಬೇಕು ಎಂಬ ಮಾತು. ಅರ್ಧ ಕೆಲಸ ಅಲ್ಲೇ ಕುದುರುತ್ತದೆ. ಹಾಗಾಗಿ ಸಮಯವಿದ್ದರೆ ರೋಟರಿ ಎನ್ನುತ್ತೇನೆ.

ರೋಟರಿ 1985ರಿಂದ ಪೋಲಿಯೊ ನಿರ್ಮೂಲನೆಯ ಬೆನ್ನು ಹತ್ತಿದೆ; ಹೊಸ ತಿಪ್ಪಸಂದ್ರದ ರಕ್ತನಿಧಿಗೂ ಅದರ ಹೆಸರಿದೆ. ಲಯನ್ಸ್ ಎಂದರೆ ಕಣ್ಣು. ಕಣ್ಣು, ಕಿವಿ ಎರಡನ್ನೂ ಕಳೆದುಕೊಂಡಿದ್ದ ಅಮೆರಿಕದ ಲೇಖಕಿ ಹೆಲೆನ್ ಕೆಲ್ಲರ್ 1925ರಲ್ಲಿ ಅಂಧರ ನೆರವಿಗೆ ನಿಲ್ಲಿ ಎಂದು ಕೇಳಿಕೊಂಡಂದಿನಿಂದ ಅದೇ ಹಾದಿ, ಜೆ.ಸಿ. ರಸ್ತೆ ಬಳಿಯ ಲಯನ್ಸ್ ಕಣ್ಣಾಸ್ಪತ್ರೆ ಅನೇಕರಿಗೆ ಗೊತ್ತು. ಪೊರೆ ತೆಗೆಸಿಕೊಂಡ ಅಜ್ಜಿಯೊಬ್ಬರು ಪಟ್ಟಿ ಬಿಚ್ಚಿದೊಡನೆ ಮೊಮ್ಮಗಳ ಕೆನ್ನೆ ಸವರಿ, "ಎಷ್ಟು ಬೆಳೆದುಬಿಟ್ಟೆಯೇ" ಎಂದದ್ದನ್ನು ಕಂಡಿದ್ದೇನೆ.

ಎರಡಕ್ಕೂ ಸದಸ್ಯತ್ವ ಶುಲ್ಕವಿದೆ. ಊಟದ ಖರ್ಚು ಅದರಲ್ಲೇ ಸೇರಿದೆಯೇ ಎಂದು ಮೊದಲೇ ಕೇಳಿ, ಅತಿಥಿಯಾಗಿ ಒಂದೆರಡು ಸಭೆಗೆ ಹೋಗಿ ಬನ್ನಿ.