ವಾರ್, ಲೆಟ್, ಕಾನ್ಸ್ಟ್: ನಾಲ್ಕು ರೂಮಿನ ಹೋಂಸ್ಟೇ ಪೇಜಿಗೆ ಯಾವುದು ಒಗ್ಗಿತು?

ಜಾವಾಸ್ಕ್ರಿಪ್ಟ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ವೇರಿಯಬಲ್ (ಒಂದು ಬೆಲೆಯನ್ನು ಇಟ್ಟುಕೊಳ್ಳುವ ಹೆಸರು) ಹುಟ್ಟಿಸೋಕೆ ಬರೆಯುವ ಪದಗಳು ಈ ಮೂರು: ವಾರ್ (var), ಲೆಟ್ (let), ಕಾನ್ಸ್ಟ್ (const). ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಲೆಟ್‌ಗೆ. ಜಾವಾಸ್ಕ್ರಿಪ್ಟ್ ಕಲಿಯೋಣ ಅಂತ ಮೈಸೂರಿಗೆ ಹೋದಾಗ 150 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಪುಸ್ತಕ ತಂದಿದ್ದೆ. ದಪ್ಪ ಇತ್ತು, ಅಗ್ಗ ಇತ್ತು, ಯಾವ ವರ್ಷದ್ದು ಅಂತ ನೋಡಲಿಲ್ಲ. ಲೆಟ್, ಕಾನ್ಸ್ಟ್ ಎರಡೂ ಭಾಷೆಯ ಸ್ಟ್ಯಾಂಡರ್ಡಿಗೆ, ಅಂದರೆ ಅಧಿಕೃತ ನಿಯಮಗಳಿಗೆ, ಸೇರಿದ್ದು 2015ರಲ್ಲಿ. ಪುಸ್ತಕ ಅದಕ್ಕಿಂತ ಹಳೇದು. ಅದರಲ್ಲಿ ವೇರಿಯಬಲ್ ಅಂದರೆ ವಾರ್, ಅಷ್ಟೇ.

ಕೊಡಗಿನ ನಾಪೋಕ್ಲು ಹತ್ತಿರ ಅಕ್ಕನ ಹೋಂಸ್ಟೇ ಇದೆ. ಅದಕ್ಕೊಂದು ಪೇಜ್ ಮಾಡಿಕೊಟ್ಟೆ. ನಾಲ್ಕು ರೂಮು, ನಾಲ್ಕು ಬಟನ್, ಒತ್ತಿದರೆ ಆ ರೂಮಿನ ಬಾಡಿಗೆ ಕಾಣಬೇಕು. ಬಾಡಿಗೆಗಳನ್ನೆಲ್ಲ ಒಂದು ಅರೇಯಲ್ಲಿ (ಸಾಲಾಗಿ ಜೋಡಿಸಿದ ಪಟ್ಟಿ) ಇಟ್ಟೆ. ಒಂದೇ ಕೆಲಸವನ್ನು ಎಣಿಸಿ ಎಣಿಸಿ ಮಾಡಿಸುವ ಫಾರ್ ಲೂಪಿನಲ್ಲಿ, ಎಣಿಕೆಗೆ 'ವಾರ್ ಐ' ಅಂತ ಶುರು ಮಾಡಿ, ಪ್ರತಿ ಬಟನ್‌ಗೂ ಕ್ಲಿಕ್ ಫಂಕ್ಷನ್ (ಒತ್ತಿದಾಗ ಓಡುವ ಕೋಡು) ಜೋಡಿಸಿದೆ. ಮರುದಿನ ಅಕ್ಕನ ಫೋನು. "ಏನೋ ಇದು, ಎಲ್ಲಾ ರೂಮಿಗೂ ಅನ್‌ಡಿಫೈನ್ಡ್ ಅಂತ ಬರ್ತಿದೆ. ಹಾಗಂದ್ರೆ ಎಷ್ಟು ರೂಪಾಯಿ?"

ಎರಡು ಸಂಜೆ ಹಾಳಾಯಿತು. ಜುಲೈ ಮಳೆ, ಕರೆಂಟ್ ಇಲ್ಲ, ಲ್ಯಾಪ್‌ಟಾಪ್ ಬ್ಯಾಟರಿ ಬರೋದು ಒಂದು ಗಂಟೆ. ಲೂಪಿನ ಒಳಗೆ ಐ ಬೆಲೆ ಪ್ರಿಂಟ್ ಮಾಡಿ ನೋಡಿದೆ: 0, 1, 2, 3. ಸರಿಯಾಗೇ ಇದೆ! ಅದನ್ನು ನೋಡಿ ಲೂಪಿನದ್ದು ತಪ್ಪಿಲ್ಲ ಅಂದುಕೊಂಡು ಅರೇಯನ್ನೇ ನಾಲ್ಕು ಸಲ ಬರೆದೆ. ಎರಡನೇ ದಿನ ಕ್ಲಿಕ್ ಫಂಕ್ಷನ್ ಒಳಗೆ ಪ್ರಿಂಟ್ ಮಾಡಿದಾಗ ಗೊತ್ತಾಯಿತು. ಯಾವ ಬಟನ್ ಒತ್ತಿದರೂ 4. ಅರೇಯಲ್ಲಿ ಎಣಿಕೆ ಸೊನ್ನೆಯಿಂದ ಶುರು, 3ಕ್ಕೆ ಮುಗಿಯುತ್ತದೆ. 4 ಅನ್ನೋ ನಂಬರಿನ ಜಾಗದಲ್ಲಿ ಏನೂ ಇಲ್ಲ, ಅದಕ್ಕೇ ಅನ್‌ಡಿಫೈನ್ಡ್.

ತೋಟದಲ್ಲಿ ಹಣ್ಣು ತೂಗುವಾಗ ಲೆಕ್ಕ ಬರೆಯುವ ರೈಟರ್ ಒಂದೇ ಸ್ಲೇಟಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದರೆ ಏನಾಗುತ್ತದೆ? ಸಂಜೆ ಯಾರು ಬಂದು ಕೇಳಿದರೂ ಕೊನೆಯ ತೂಕವೇ ಕಾಣೋದು. ವಾರ್ ಆ ಸ್ಲೇಟು. ಬಟನ್ ನೆನಪಿಟ್ಟುಕೊಂಡದ್ದು ನಂಬರನ್ನಲ್ಲ, ಸ್ಲೇಟು ಎಲ್ಲಿದೆ ಅನ್ನೋದನ್ನ. ನಾನು ಒತ್ತುವ ಹೊತ್ತಿಗೆ ಲೂಪ್ ಮುಗಿದು ಸ್ಲೇಟಿನಲ್ಲಿ 4 ಉಳಿದಿತ್ತು. ಲೆಟ್ ಹಾಗಲ್ಲ, ಲೂಪಿನ ಪ್ರತಿ ಸುತ್ತಿಗೂ ಬೇರೆ ಚೀಟಿ ಬರೆದು ಕೊಡುತ್ತದೆ. ವಾರ್ ತೆಗೆದು ಲೆಟ್ ಹಾಕಿದೆ, ಬೇರೇನೂ ಮುಟ್ಟಲಿಲ್ಲ. ನಾಲ್ಕೂ ಬಾಡಿಗೆ ಬಂತು.

ವಾರ್‌ನ ಇನ್ನೊಂದು ಕೆಟ್ಟ ಗುಣ, ಸುಮ್ನಿರೋದು. ಕೋಡಿನಲ್ಲಿ ಮೇಲೆ ರೂಮಿನ ಲೆಕ್ಕಕ್ಕೆ 'ಒಟ್ಟು' ಅಂತ ಹೆಸರಿಟ್ಟಿದ್ದೆ (ಹೌದು, ವೇರಿಯಬಲ್ ಹೆಸರು ಕನ್ನಡದಲ್ಲೂ ಇಡಬಹುದು). ಮರೆತು ಕೆಳಗೆ ಊಟದ ಲೆಕ್ಕಕ್ಕೂ ಅದೇ ಹೆಸರು. ವಾರ್ ತುಟಿ ಬಿಚ್ಚದೆ ಮೊದಲಿನ ಬೆಲೆ ಅಳಿಸಿಬಿಟ್ಟಿತು. ಲೆಟ್ ಆಗಿದ್ದರೆ ಸ್ಕ್ರಿಪ್ಟ್ ಓಡೋದೇ ಇಲ್ಲ, ಯಾವ ಸಾಲಿನಲ್ಲಿ ತಪ್ಪು ಅಂತ ಬ್ರೌಸರಿನ ಕನ್ಸೋಲ್ (ಎರರ್ ತೋರಿಸುವ ಕಿಟಕಿ) ಆಗಲೇ ತೋರಿಸುತ್ತದೆ. ಒಂದು ಗಂಟೆ ಬ್ಯಾಟರಿ ಇರುವವನಿಗೆ ಬೇಗ ಬೈಸಿಕೊಳ್ಳೋದೇ ಲಾಭ, ಅಲ್ವಾ?

ಕಾನ್ಸ್ಟ್? ಒಮ್ಮೆ ಬೆಲೆ ಕೊಟ್ಟ ಹೆಸರಿಗೆ ಮತ್ತೆ ಬೇರೆ ಬೆಲೆ ಕೊಡಲು ಬಿಡದ್ದು ಅದು. ಬಲ್ಲವರು ಅದನ್ನೇ ಮೊದಲು ಬಳಸಿ ಅನ್ನುತ್ತಾರೆ. ಅಕ್ಕ ದಸರಾಕ್ಕೊಂದು ರೇಟು, ಮಳೆಗಾಲಕ್ಕೊಂದು ರೇಟು ಅನ್ನುವವಳು. ನಾನೂ ಬರೆದದ್ದನ್ನು ಹತ್ತು ಸಲ ಬದಲಿಸುವವನು. ಎಣಿಕೆಯ ಐಗೆ ಕಾನ್ಸ್ಟ್ ಹಾಕಿ ನೋಡಿದೆ, ಮೊದಲ ಸುತ್ತು ಮುಗಿದು ಐ ಏರುವಾಗಲೇ ಎರರ್. ಅರೇಗೆ ಹಾಕಿದೆ, ಅಲ್ಲಿ ಒಳಗಿನ ಬಾಡಿಗೆಗಳು ಆರಾಮಾಗಿ ಬದಲಾದವು. ಬೀಗ ಹೆಸರಿಗೆ ಮಾತ್ರ, ಒಳಗಿನ ಸಾಮಾನಿಗಲ್ಲ. ಈಗ ಅಕ್ಕನ ಫೋನ್ ನಂಬರಿಗೆ ಮಾತ್ರ ಕಾನ್ಸ್ಟ್.

ಹಳೇ ಪುಸ್ತಕ ಬಿಸಾಡಿಲ್ಲ. ಅದರಲ್ಲಿ ವಾರ್ ಅಂತ ಇದ್ದಲ್ಲೆಲ್ಲ ಲೆಟ್ ಅಂತ ಟೈಪ್ ಮಾಡುತ್ತೇನೆ. ಒಂದೇ ಕಡೆ ಕೈಕೊಟ್ಟಿತು, 'ಹೀಗಿದ್ದರೆ ಇದನ್ನು ಮಾಡು' ಅನ್ನುವ ಇಫ್‌ನಲ್ಲಿ: ಇಫ್‌ನ ಹೂವಿನ ಬ್ರಾಕೆಟ್ ಒಳಗೆ ಹುಟ್ಟಿದ ಲೆಟ್ ಹೊರಗೆ ಕಾಣಲ್ಲ. ಆ ಸಾಲನ್ನು ಇಫ್‌ಗಿಂತ ಮೇಲೆ ಎತ್ತಿ ಬರೆದೆ, ಸರಿ ಹೋಯಿತು.