ಹಳೇ ಕೋವಿಗೆ ರಸ್ಟ್ ರಿಮೂವರ್ ಹಚ್ಚುವ ಮುನ್ನ

ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತೆಂದರೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಜೂನ್‌ನಿಂದ ಹಿಡಿದ ಮಳೆಯ ತೇವಕ್ಕೆ ನಳಿಗೆಯ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆ ಎದ್ದಿರುತ್ತದೆ. ಪೂಜೆಗೆ ಇಡುವ ಮೊದಲು ಫಳಫಳ ಮಾಡೋಣವೆಂದು ಹಾರ್ಡ್‌ವೇರ್ ಅಂಗಡಿಯಿಂದ ಬಾಟಲಿ ತರುವವರು ಇದನ್ನು ಓದಿ.

ಹೀಗೆ ಕೆಟ್ಟದ್ದು ಒಂದು ಹಳೆಯ 12 ಬೋರ್ ಜೋಡಿ ನಳಿಗೆ ಕೋವಿ. ಇದ್ದದ್ದು ಬೆರಳಗಲದ ಎರಡು ಕಲೆ. ಪಿವಿಸಿ ಪೈಪಿನ ಒಂದು ಬಾಯಿ ಮುಚ್ಚಿ, ಫಾಸ್ಪಾರಿಕ್ ಆಸಿಡ್ ಇರುವ ರಸ್ಟ್ ರಿಮೂವರ್ ತುಂಬಿ, ನಳಿಗೆ ಇಳಿಸಿ ರಾತ್ರಿಯಿಡೀ ಬಿಟ್ಟರು. ಬೆಳಿಗ್ಗೆ ಕಲೆ ಹೋಗಿತ್ತು. ಜೊತೆಗೆ ನಳಿಗೆಯ ಕರಿಬಣ್ಣವೂ ಪೂರಾ ಹೋಗಿ ಬೂದಿಬಣ್ಣದ ಮಂಕು ಉಕ್ಕು ಉಳಿದಿತ್ತು.

ತಪ್ಪು ಬಾಟಲಿಯದಲ್ಲ. ನಳಿಗೆಯ ಈ ಕರಿಬಣ್ಣಕ್ಕೆ ಬ್ಲೂಯಿಂಗ್ ಎನ್ನುತ್ತಾರೆ. ಅದು ಪೇಂಟ್ ಅಲ್ಲ, ಅದೂ ಒಂದು ಬಗೆಯ ತುಕ್ಕೇ. ಕೆಂಪು ತುಕ್ಕಿನಲ್ಲಿ ಕಬ್ಬಿಣದ ಜೊತೆ ಆಮ್ಲಜನಕ, ನೀರು ಎರಡೂ ಸೇರಿರುತ್ತವೆ. ಬ್ಲೂಯಿಂಗ್ ಮ್ಯಾಗ್ನೆಟೈಟ್ ಎಂಬ ಕಪ್ಪು ಆಕ್ಸೈಡ್, ದಪ್ಪ ಒಂದೆರಡು ಮೈಕ್ರಾನ್. ಆಸಿಡ್‌ಗೆ ಕೆಂಪು ಕಪ್ಪು ಎಂಬ ಭೇದವಿಲ್ಲ. ಜೆಲ್ ರೂಪದ ಫಾಸ್ಪಾರಿಕ್ ಆಸಿಡ್ ಹಚ್ಚಿದರೆ ಬಣ್ಣ ಬಿಡಲು ಒಂದೆರಡು ನಿಮಿಷ ಸಾಕು. ವಿನೆಗರ್ ನಿಧಾನ, ಆದರೆ ಕೆಲಸ ಅದೇ. ಆಸಿಡ್ ಇಲ್ಲ, ಕೈಗೆ ಏನೂ ಆಗದು ಎಂದು ಮಾರುವ, ತುಕ್ಕಿನ ಕಬ್ಬಿಣವನ್ನು ಹಿಡಿದು ಕರಗಿಸುವ ಕೀಲೇಟ್ ದ್ರಾವಣಗಳೂ ಕೆಲವು ಗಂಟೆಯಲ್ಲಿ ಬ್ಲೂಯಿಂಗ್ ಎಬ್ಬಿಸುತ್ತವೆ. ಟಾಯ್ಲೆಟ್ ಕ್ಲೀನರ್ ಸುರಿಯುವವರೂ ಇದ್ದಾರೆ! ಅದರಲ್ಲಿರುವುದು ಹೈಡ್ರೋಕ್ಲೋರಿಕ್ ಆಸಿಡ್. ಉಕ್ಕನ್ನು ಕೊರೆದು ಗುಳಿ ಬೀಳಿಸುತ್ತದೆ, ಅದರ ಹಬೆಗೆ ಕೋಣೆಯಲ್ಲಿರುವ ಬೇರೆ ಕಬ್ಬಿಣದ ಸಾಮಾನೂ ತುಕ್ಕು ಹಿಡಿಯುತ್ತದೆ. ಸ್ಪ್ರಿಂಗ್‌ಗೆ ತಗುಲಿದರೆ ಹೈಡ್ರೋಜನ್ ಒಳಸೇರಿ ಉಕ್ಕು ಪೆಡಸಾಗುತ್ತದೆ. ಮೇಲೆ ನೋಡಿದರೆ ಏನೂ ಕಾಣದು, ಒಂದು ದಿನ ಪಟ್ಟನೆ ಮುರಿಯುತ್ತದೆ.

ಆ ಕೋವಿಯ ಕತೆ ಅಲ್ಲಿಗೇ ನಿಲ್ಲಲಿಲ್ಲ. ತೊಳೆದು ಒರೆಸುವಷ್ಟರಲ್ಲಿ ಬರಿಮೈ ಉಕ್ಕಿಗೆ ಹೊಸ ತುಕ್ಕು ಹತ್ತಿತು. ಮಳೆಗಾಲದ ಗಾಳಿಯಲ್ಲಿ ಇದಕ್ಕೆ ಕೆಲವೇ ನಿಮಿಷ ಸಾಕು. ಅದನ್ನು ತೆಗೆಯಲು ಸ್ಯಾಂಡ್‌ಪೇಪರ್ ಹಿಡಿದಾಗ ನಳಿಗೆಯ ಮೇಲಿನ ಪ್ರೂಫ್ ಮಾರ್ಕ್, ಅಂದರೆ ನಳಿಗೆ ಪರೀಕ್ಷೆಯಲ್ಲಿ ಪಾಸಾದದ್ದಕ್ಕೆ ಒತ್ತಿದ ಮುದ್ರೆ, ಸವೆಯಿತು. ನಂಬರ್ ಪಾರಾದದ್ದು ಪುಣ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಕೋವಿಯ ಗುರುತು, ನಂಬರ್ ಅಳಿಸುವಂತಿಲ್ಲ. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಇರುವ ವಿನಾಯಿತಿ ಲೈಸೆನ್ಸ್‌ನದು, ಇದರದ್ದಲ್ಲ.

ಆಮೇಲೆ ಬಣ್ಣ ಹಾಕಿಸಲು ಕೊಟ್ಟರು. ಅಲ್ಲಿ ಕಾಸ್ಟಿಕ್ ಸೋಡಾ ಮತ್ತು ನೈಟ್ರೇಟ್ ಕುದಿಯುವ ತೊಟ್ಟಿಗೆ ಇಳಿಸಿದರು, ಶಾಖ ಸುಮಾರು 140 ಡಿಗ್ರಿ. ಒಂಟಿ ನಳಿಗೆಗೆ ಇದು ಸರಿಯಾದ ವಿಧಾನ. ಜೋಡಿ ನಳಿಗೆಗೆ ಅಲ್ಲ. ಎರಡು ನಳಿಗೆಯ ನಡುವಿನ ಪಟ್ಟಿ ಕೂತಿರುವುದು ಸೀಸ-ತವರದ ಬೆಸುಗೆಯ ಮೇಲೆ. 183 ಡಿಗ್ರಿಯವರೆಗೆ ಅದು ಕರಗದು ನಿಜ, ಆದರೆ ಕಾಸ್ಟಿಕ್ ಅದನ್ನು ತಿನ್ನುತ್ತದೆ. ಪಟ್ಟಿ ಸಡಿಲವಾಯಿತು, ಒಳಗೆ ಸೇರಿದ ಉಪ್ಪು ತಿಂಗಳುಗಟ್ಟಲೆ ಬೆಳ್ಳಗೆ ಒಸರುತ್ತಲೇ ಇತ್ತು.

ಇಷ್ಟಕ್ಕೂ ಆ ಎರಡು ಕಲೆಗೆ ಬೇಕಿದ್ದದ್ದು ಎಣ್ಣೆ. ಮೊದಲು ತೋಟೆ ಇಲ್ಲವೆಂದು ಕಣ್ಣಲ್ಲೂ ಬೆರಳಲ್ಲೂ ನೋಡಿ, ನಳಿಗೆ ಬಿಚ್ಚಿ. ತುಕ್ಕಿನ ಮೇಲೆ ತೆಳು ಗನ್ ಆಯಿಲ್ ಹಚ್ಚಿ ಒಂದು ದಿನ ಬಿಡಿ. 0000 ನಂಬರಿನ, ಎಂದರೆ ಅತಿ ನಯವಾದ, ಸ್ಟೀಲ್ ವುಲ್ ಎಣ್ಣೆಯಲ್ಲಿ ಅದ್ದಿ, ಭಾರ ಹಾಕದೆ ತಿಕ್ಕಿ. ಒಣ ವುಲ್ ಬೇಡ, ಪಾತ್ರೆ ತಿಕ್ಕುವ ಸ್ಕ್ರಬ್ಬರ್ ಅಂತೂ ಬೇಡವೇ ಬೇಡ. ಮೊದಲ ಪ್ರಯೋಗ ಮುಂಗೈ ಮರದ (ನಳಿಗೆಯ ಕೆಳಗೆ ಕೈ ಹಿಡಿಯುವ ಮರ) ಅಡಿ ಮುಚ್ಚಿಹೋಗುವ ಜಾಗದಲ್ಲಿ ಆಗಲಿ. ಗಟ್ಟಿ ಗಂಟಿದ್ದರೆ ತಾಮ್ರದ ತುಂಡಿನ ಅಂಚಿನಿಂದ ಎಬ್ಬಿಸಿ. ತಾಮ್ರ ಉಕ್ಕಿಗಿಂತ ಮೆದು, ಗೀರು ಬೀಳದು.

ತುಕ್ಕು ಅಗಲಕ್ಕೆ ಹಬ್ಬಿದ್ದರೆ ಬಿಚ್ಚಿದ ನಳಿಗೆಯ ಜಿಡ್ಡು ತೆಗೆದು, ಡಿಸ್ಟಿಲ್ಡ್ ವಾಟರ್‌ನಲ್ಲಿ ಅರ್ಧ ಗಂಟೆ ಕುದಿಸುವ ದಾರಿಯಿದೆ. ಕೆಂಪು ತುಕ್ಕು ಅಲ್ಲೇ ಕಪ್ಪಾಗುತ್ತದೆ. ಮೇಲಿನ ಮಸಿಯನ್ನು ಮೆಲ್ಲಗೆ ಒರೆಸಿದರೆ ಅಡಿಯಲ್ಲಿ ಗಟ್ಟಿ ಕರಿಬಣ್ಣ ಉಳಿಯುತ್ತದೆ. ಹಳೇ ಜೋಡಿ ನಳಿಗೆಗಳಿಗೆ ಬಣ್ಣ ಕೂರಿಸಿದ್ದು ಇದೇ ತತ್ವದಲ್ಲಿ. ಕುದಿಯುವಾಗ ಪಟ್ಟಿಯ ಸಂದಿನಿಂದ ಗುಳ್ಳೆ ಸಾಲು ಎದ್ದರೆ ತಕ್ಷಣ ತೆಗೆಯಿರಿ: ಬೆಸುಗೆ ಬಿಟ್ಟಿದೆ, ನೀರು ಒಳಗೆ ಹೋಗುತ್ತಿದೆ.

ಬಿಸಿ ಮಾಡದೆ ಹಚ್ಚುವ ಕೋಲ್ಡ್ ಬ್ಲೂ ಬಾಟಲಿಯಿಂದ ಇಡೀ ನಳಿಗೆಗೆ ಬಣ್ಣ ಬರುತ್ತದೆಂದು ನಂಬಿ ಹಳೆಯದನ್ನು ಎಬ್ಬಿಸಬೇಡಿ. ಅದು ಗೀರು ಮುಚ್ಚಲಷ್ಟೇ ಸರಿ, ದೊಡ್ಡ ಜಾಗದಲ್ಲಿ ಮಚ್ಚೆಮಚ್ಚೆ ಕಾಣುತ್ತದೆ, ಕೈ ತಾಗಿದಲ್ಲಿ ಸವೆಯುತ್ತದೆ. ಸಾಮಾನ್ಯವಾಗಿ ಅದರಲ್ಲಿರುವ ಸೆಲೆನಿಯಂ ವಿಷ, ಗ್ಲೌಸ್ ಇಲ್ಲದೆ ಮುಟ್ಟಬಾರದು.

ಈಗಾಗಲೇ ಆಸಿಡ್ ಹಚ್ಚಿಯಾಗಿದ್ದರೆ ಹರಿಯುವ ನೀರಿನಲ್ಲಿ ತೊಳೆದು, ಲೀಟರಿಗೆ ಎರಡು ಚಮಚ ಅಡುಗೆ ಸೋಡಾ ಕರಗಿಸಿದ ನೀರು ಹಾಯಿಸಿ, ಮತ್ತೆ ತೊಳೆದು, ಹೇರ್ ಡ್ರೈಯರ್‌ನಲ್ಲಿ ಸಂದುಗೊಂದು ಒಣಗಿಸಿ, ಒಳಗೂ ಹೊರಗೂ ಎಣ್ಣೆ ಹಚ್ಚಿ. ಆಮೇಲೆ ಲೈಸೆನ್ಸ್ ಇರುವ ರಿಪೇರಿಯವರ ಬಳಿ ಒಯ್ಯಿರಿ. ಕೊಡುವಾಗ ಚೀಟಿಯಲ್ಲಿ ಬರೆಸಿ: "ಜೋಡಿ ನಳಿಗೆ. ಕಾಸ್ಟಿಕ್ ತೊಟ್ಟಿಗೆ ಹಾಕಬಾರದು. ನಂಬರ್ ಮೇಲೆ ಬಫಿಂಗ್ ಬೇಡ."